ಕೆಮ್ಮಣ್ಣುಗುಂಡಿಯಲ್ಲಿ ಎಂಬತ್ಮೂರು ಕೋಟಿ

ಹರಾಜಿನ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಹೋರಿಗರುಗಳನ್ನು ಹರಾಜಿಗಿಡುತ್ತಾರೆ. ಹಾವೇರಿ, ದಾವಣಗೆರೆ ಕಡೆಯಿಂದ ರೈತರು ಗಾಡಿ ಮಾಡಿಕೊಂಡು ಬರುತ್ತಾರೆ. ಜೋಡಿಯ ಬೆಲೆ ಲಕ್ಷ ದಾಟುವುದೂ ಉಂಟು. ಆದರೆ ಅಲ್ಲಿ ನೋಡಬೇಕಾದದ್ದು ಕರುಗಳನ್ನಲ್ಲ, ಬೇಲಿಯಾಚೆ ನಿಂತವರನ್ನು. ಜೇಬಿನಲ್ಲಿ ವಾಪಸ್ ಹೋಗುವ ಬಸ್ ಚಾರ್ಜ್ ಬಿಟ್ಟು ಬೇರೇನೂ ಇಲ್ಲದವರು ಅಲ್ಲಿ ಗಂಟೆಗಟ್ಟಲೆ ನಿಂತು, 'ಆ ಬಿಳೀದು ಬ್ಯಾಡ, ಸುಳಿ ಸರಿಯಿಲ್ಲ', 'ಈ ಮಾಸಲು ಬಣ್ಣದ್ದು ಹಿಡಿ, ಕೊಂಬು ನೋಡು ಹೆಂಗವೆ' ಎಂದು ಕೊಳ್ಳುವವನಿಗೆ ಸಲಹೆ ಕೊಡುತ್ತಿರುತ್ತಾರೆ. ಕೊಂಡವನು ಸಲಹೆ ಕೇಳದೆ ಬೇರೆ ಜೋಡಿ ಹಿಡಿದುಕೊಂಡು ಹೋದರೆ, ಸಾಯಂಕಾಲದವರೆಗೂ ಅವನನ್ನು ಬೈಯುತ್ತಾರೆ. ಹಣ ಅವನದು, ಹೋರಿ ಅವನದು, ಹೊಟ್ಟೆಯುರಿ ಮಾತ್ರ ಇವರದು.

ನಾನು ಆ ಬೇಲಿಯಾಚೆಯ ಕುಲದವನು. ನನ್ನ ಹೋರಿಗಳು ಮಾತ್ರ ಬೇರೆ. ನಾನು ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡ ರಾಯಲ್ ಚಾಲೆಂಜರ್ಸ್, ಅಂದರೆ ಆರ್‌ಸಿಬಿ ಯಾರನ್ನು ಕೊಳ್ಳಬೇಕು ಎಂದು ತೀರ್ಮಾನಿಸುವವನು. ಕಡೂರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸದಲ್ಲಿರುವುದರಿಂದ ನನ್ನ ತೀರ್ಮಾನಗಳಿಗೆ ಕೂಡು, ಕಳೆ, ಷರಾ ಎಲ್ಲ ಇರುತ್ತದೆ. ಇಲ್ಲದಿರುವುದು ಒಂದೇ, ಆ ತೀರ್ಮಾನಗಳನ್ನು ಕೇಳುವ ಮಾಲೀಕ.

ಕೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. 2008ರಲ್ಲಿ ಮೊದಲ ಹರಾಜು. ದ್ರಾವಿಡ್ ಐಕಾನ್ ಆಟಗಾರ, ಜೊತೆಗೆ ಕುಂಬ್ಳೆ, ಕಾಲಿಸ್, ಬೌಷರ್, ಜಾಫರ್, ಚಂದರ್‌ಪಾಲ್. ಐದು ದಿನ ಆಡುವುದಾದರೆ ಜಗತ್ತನ್ನೇ ಸೋಲಿಸಬಲ್ಲ ತಂಡ. ಮೂರು ಗಂಟೆಯ ಆಟದಲ್ಲಿ ಎಂಟು ತಂಡಗಳ ಪೈಕಿ ಏಳನೆಯದಾಯಿತು. ನಾನು ಆಗ ಇದೇ ಸರಿಯಾದ ಆಯ್ಕೆ ಎಂದು ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ನಿಂತು ವಾದ ಮಾಡಿ ಒಂದು ಪ್ಯಾಸೆಂಜರ್ ರೈಲು ತಪ್ಪಿಸಿಕೊಂಡವನು. ಅದೇ ವರ್ಷ ಹತ್ತೊಂಬತ್ತು ವರ್ಷದೊಳಗಿನ ಹುಡುಗರನ್ನು ಹರಾಜು ಹಾಕದೆ, ಸರದಿಯ ಮೇಲೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯಿತು. ದೆಹಲಿಗೆ ಮೊದಲೇ ಅವಕಾಶವಿತ್ತು. ತಮ್ಮೂರಿನ ಹುಡುಗ, ವಿಶ್ವಕಪ್ ಗೆದ್ದ ತಂಡದ ನಾಯಕ ಕೊಹ್ಲಿಯನ್ನು ಬಿಟ್ಟು ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನನನ್ನು ಆರಿಸಿಕೊಂಡರು. ಬೆಂಗಳೂರು ಕೊಹ್ಲಿಯನ್ನು ಎತ್ತಿಕೊಂಡಿತು. ಬೆಲೆ 30 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. 'ಈ ದಿಲ್ಲಿ ಹುಡುಗ ನಮಗ್ಯಾಕೆ, ಸಾಂಗ್ವಾನ್ ಸಿಗಬೇಕಿತ್ತು' ಎಂದು ಅವತ್ತು ನಾನು ಅಂದಿದ್ದಕ್ಕೆ ನನ್ನ ಷಡ್ಡಕ ಸಾಕ್ಷಿ. ಆ ಸಾಕ್ಷಿಯನ್ನು ಅವನು ಪ್ರತಿ ಮದುವೆ ಮನೆಯಲ್ಲೂ ನುಡಿಯುತ್ತಾನೆ.

ದುಡ್ಡು ಸುರಿದಾಗ ನಮ್ಮ ತಂಡಕ್ಕೆ ಆಗಿಬಂದದ್ದು ಕಡಿಮೆ. 2014ರಲ್ಲಿ ಯುವರಾಜ್‌ಗೆ 14 ಕೋಟಿ, 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ, 2021ರಲ್ಲಿ ಜೇಮೀಸನ್‌ಗೆ 15 ಕೋಟಿ. ಕಪ್ ಮಾತ್ರ ಬರಲಿಲ್ಲ. ಅದೇ 2011ರಲ್ಲಿ ಕ್ರಿಸ್ ಗೇಲ್‌ನನ್ನು ಹರಾಜಿನಲ್ಲಿ ಹತ್ತು ತಂಡಗಳಲ್ಲಿ ಯಾರೂ ಮುಟ್ಟಲಿಲ್ಲ. ಡರ್ಕ್ ನ್ಯಾನಸ್ ಗಾಯಗೊಂಡಿದ್ದಕ್ಕೆ ಬದಲಿಯಾಗಿ ಬಂದ ಆ ಮನುಷ್ಯ ಹನ್ನೆರಡೇ ಪಂದ್ಯಗಳಲ್ಲಿ 608 ರನ್ ಬಾರಿಸಿದ. 2022ರ ಹರಾಜಿನಲ್ಲಿ ರಜತ್ ಪಾಟೀದಾರ್‌ನೂ ಮಾರಾಟವಾಗಲಿಲ್ಲ. ಗಾಯಗೊಂಡ ನಮ್ಮ ಲವನೀತ್ ಸಿಸೋಡಿಯಾನ ಜಾಗಕ್ಕೆ ಬಂದು ಎಲಿಮಿನೇಟರ್‌ನಲ್ಲಿ 112 ಹೊಡೆದು ಔಟಾಗದೆ ಉಳಿದ. ಇಷ್ಟೆಲ್ಲ ಗೊತ್ತಿದ್ದೂ ಹರಾಜು ಬಂತೆಂದರೆ ನನಗೆ ಜ್ವರ.

2024ರ ಅಕ್ಟೋಬರ್ 31ಕ್ಕೆ ಆರ್‌ಸಿಬಿ ಮೂವರನ್ನು ಮಾತ್ರ ಉಳಿಸಿಕೊಂಡಿತು. ಕೊಹ್ಲಿಗೆ 21 ಕೋಟಿ, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಒಟ್ಟು 120ರಲ್ಲಿ ಉಳಿದದ್ದು 83 ಕೋಟಿ. ಆ ರಾತ್ರಿಯಿಂದ ಆ ಎಂಬತ್ಮೂರು ಕೋಟಿ ನನ್ನದಾಯಿತು. ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದನ್ನು ಹಂಚತೊಡಗಿದೆ. ಮೊದಲ ಹೆಸರು ಕೆ.ಎಲ್. ರಾಹುಲ್, 18 ಕೋಟಿ, ಷರಾ: ನಾಯಕ. ಲಕ್ನೋ ತಂಡದಿಂದ ಹೊರಬಂದಿದ್ದ, ಕನ್ನಡಿಗ, ಕೀಪರ್, ಇನ್ನೇನು ಬೇಕು? ಎರಡನೆಯದು ಪಡಿಕ್ಕಲ್. ಮೂರನೆಯದು ಪ್ರಸಿದ್ಧ್ ಕೃಷ್ಣ, 9 ಕೋಟಿ. ಆಮೇಲೆ ಅಭಿನವ್ ಮನೋಹರ್, ಕರುಣ್ ನಾಯರ್, ಮಯಾಂಕ್, ಮನೀಶ್ ಪಾಂಡೆ, ಶ್ರೇಯಸ್ ಗೋಪಾಲ್, ವೈಶಾಖ್. ಪಟ್ಟಿ ನೋಡಿದ ನನ್ನ ಹೆಂಡತಿ, 'ಇದೇನು ಐಪಿಎಲ್ಲೋ, ರಾಜ್ಯೋತ್ಸವ ಪ್ರಶಸ್ತಿಯೋ?' ಎಂದಳು. ನವೆಂಬರ್ ತಿಂಗಳಾದ್ದರಿಂದ ಆ ಪ್ರಶ್ನೆ ಅಸಹಜವಾಗಿರಲಿಲ್ಲ.

ಹರಾಜು ಸೌದಿಯ ಜೆಡ್ಡಾದಲ್ಲಿ, ನವೆಂಬರ್ 24 ಮತ್ತು 25. ಮೊದಲ ದಿನ ಭಾನುವಾರ. ಮನೆಯಲ್ಲಿ ಕೂತು ನೋಡಬಹುದಿತ್ತು. ಆದರೆ ಹಿಂದಿನ ಹರಾಜಿನ ದಿನ ಅಲ್ಜಾರಿ ಜೋಸೆಫ್‌ಗೆ 11.50 ಕೋಟಿ ಕೊಟ್ಟಾಗ ನಾನು ಎಸೆದ ರಿಮೋಟು ಸಾರಿನ ಪಾತ್ರೆಗೆ ಬಿದ್ದಿತ್ತು. 'ಈ ಸಲ ಎಲ್ಲಾದ್ರೂ ಹೊರಗೆ ಹೋಗಿ ಕೊಂಡ್ಕೊಳ್ಳಿ' ಎಂದು ಮನೆಯಾಕೆ ಮೊದಲೇ ಆಜ್ಞೆ ಹೊರಡಿಸಿದ್ದಳು. ಷಡ್ಡಕನ ಮನೆಯಲ್ಲೂ ಅದೇ ಆಜ್ಞೆ. ಅಕ್ಕತಂಗಿಯರಲ್ಲವೇ, ಸುತ್ತೋಲೆ ಒಂದೇ. ಹಾಗಾಗಿ ಅವನು ಕೆಮ್ಮಣ್ಣುಗುಂಡಿಯಲ್ಲಿ ರೂಮು ಮಾಡಿದ. ತಂಪು ಜಾಗ, ನೆಮ್ಮದಿಯಾಗಿ ಮೊಬೈಲಿನಲ್ಲಿ ನೋಡಬಹುದು ಅಂದ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತದೆಯೇ ಎಂದು ನಾವ್ಯಾರೂ ಕೇಳಲಿಲ್ಲ. ಎಂಬತ್ಮೂರು ಕೋಟಿ ಕೈಯಲ್ಲಿರುವಾಗ ಇಂಥ ಸಣ್ಣ ವಿಷಯಗಳು ತಲೆಗೆ ಬರುವುದಿಲ್ಲ.

ನಾವು ನಾಲ್ವರು. ಅಜ್ಜಂಪುರದ ಷಡ್ಡಕ, ದನದ ಪಾರಖಿ. ಹರಾಜಿಗೆ ಬಂದ ಯಾವುದನ್ನೇ ಆಗಲಿ ಹಲ್ಲಿನಿಂದ ಅಳೆಯುವವನು. ಬೀರೂರಿನ ಅಡಿಕೆ ಮಂಡಿಯ ಗೆಳೆಯ, ನಾವು ಅವನನ್ನು ಸಾಹುಕಾರ ಎನ್ನುತ್ತೇವೆ, ಕಾರು ಅವನದು. ತರೀಕೆರೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಕಾಮೆಂಟರಿಯ ಅನುವಾದಕ್ಕೆ. ಮತ್ತು ಮಾಲೀಕನಾದ ನಾನು.

ಆ ಬೆಳಗ್ಗೆ ಪರ್ತ್‌ನಲ್ಲಿ ಟೆಸ್ಟ್ ನಡೆಯುತ್ತಿತ್ತು. ನಮ್ಮ ರಾಹುಲ್, ಜೈಸ್ವಾಲ್ ಜೊತೆ 201 ರನ್ ಜೊತೆಯಾಟವಾಡಿ 77ಕ್ಕೆ ಔಟಾದ. 'ನೋಡಿ, ಆಸ್ಟ್ರೇಲಿಯಾದಲ್ಲಿ ನಿಂತು ಹೊಡೀತಾನೆ. 18 ಕೋಟಿ ಸಾಲದು, 20 ಮಾಡೋಣ' ಎಂದೆ. ಸಾಹುಕಾರ ತನ್ನ ಮಂಡಿಯ ಬುದ್ಧಿ ತೋರಿಸಿ, 'ಮಾಲು ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಬಾರದು ಮಾರಾಯ, ರೇಟು ಏರ್ತದೆ' ಎಂದು ಕಾರಿನ ಗಾಜು ಏರಿಸಿದ. ಜೆಡ್ಡಾದವರಿಗೆ ಕೇಳಿಸದಿರಲಿ ಎಂದು. ಲಿಂಗದಹಳ್ಳಿ ದಾಟುವಾಗ ಕೊಹ್ಲಿ ತೊಂಬತ್ತರ ಹತ್ತಿರ ಇದ್ದ. ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿಗೆ ಕೈಮುಗಿದು, ಮೇಲೆ ಬೀಳುವ ನೀರಿಗೆ ತಲೆಯೊಡ್ಡಿ ಹೊರಬರುವಷ್ಟರಲ್ಲಿ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಮಾಯವಾದವು. ಕೊಹ್ಲಿ ಆ ದಿನ ಶತಕ ಹೊಡೆದ, ಟೆಸ್ಟ್‌ನಲ್ಲಿ ಮೂವತ್ತನೆಯದು. ಅದು ನಮಗೆ ಗೊತ್ತಾದದ್ದು ಮರುದಿನ.

ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಗಿರಿಧಾಮ. ಅವರ ಹೆಸರೇ ಇಟ್ಟಿದ್ದಾರೆ. ತೋಟಗಾರಿಕೆ ಇಲಾಖೆಯ ಗುಲಾಬಿ ತೋಟ, ರಾಜಭವನದ ಮುಂದೆ ನಿಂತರೆ ಸುತ್ತ ಕಣಿವೆ. ಮೇಷ್ಟ್ರು ಕಾರಿಳಿದದ್ದೇ ಚರಿತ್ರೆ ಶುರು ಮಾಡಿದರು. ಇಲ್ಲಿನ ಅದಿರು ರೋಪ್‌ವೇ ಮೇಲೆ ತೂಗಾಡುತ್ತ ಕೆಳಗಿಳಿದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತಂತೆ. ಕಾರ್ಖಾನೆ 1923ರಲ್ಲಿ ಶುರುವಾಯಿತು, ವಿಶ್ವೇಶ್ವರಯ್ಯನವರು ಅದನ್ನು ಎತ್ತಿ ನಿಲ್ಲಿಸಿದರು ಎಂದೆಲ್ಲ ಹೇಳಿದರು. ನೂರು ವರ್ಷದ ಹಿಂದೆ ಈ ಬೆಟ್ಟದಿಂದ ಭದ್ರಾವತಿಗೆ ಕಬ್ಬಿಣ ಇಳಿಸಿದರು. ಈಗ ಇಲ್ಲಿಂದ ಕಡೂರಿಗೆ ಒಂದು 'ಹಲೋ' ಇಳಿಸಲು ನಮ್ಮಿಂದ ಆಗಲಿಲ್ಲ. ನಾಲ್ವರ ನಾಲ್ಕು ಮೊಬೈಲೂ ಗಡಿಯಾರಗಳಾಗಿದ್ದವು. ಗಂಟೆ ಮೂರೂವರೆ. ಜೆಡ್ಡಾದಲ್ಲಿ ಹರಾಜು ನಡೆಸುವ ಮಲ್ಲಿಕಾ ಸಾಗರ್ ಸುತ್ತಿಗೆ ಎತ್ತಿದ್ದರು.

ಮುಂದಿನ ಒಂದು ಗಂಟೆ ನಾನು ಮೊಬೈಲನ್ನು ತಲೆಯ ಮೇಲೆ ಹಿಡಿದು ರಾಜಭವನದ ಸುತ್ತ ಪ್ರದಕ್ಷಿಣೆ ಹಾಕಿದೆ. ಸೆಲ್ಫಿ ತೆಗೆಯುತ್ತಿದ್ದಾರೆಂದು ತಿಳಿದ ಒಬ್ಬ ಪುಣ್ಯಾತ್ಮ, 'ಕೊಡಿ ಅಂಕಲ್, ನಾನು ತೆಗೀತೀನಿ' ಎಂದು ನನ್ನದೊಂದು ಫೋಟೋ ತೆಗೆದುಕೊಟ್ಟ. ಬಾಯಿ ತೆರೆದು ಆಕಾಶ ನೋಡುತ್ತಿರುವ ಆ ಚಿತ್ರ ಈಗಲೂ ಇದೆ. ಕೊನೆಗೆ ಯಾರೋ, ಝಡ್ ಪಾಯಿಂಟಿನ ದಾರಿಯಲ್ಲಿ ಬಂಡೆಯೊಂದರ ಹತ್ತಿರ ಗಾಳಿ ಬಂದ ಹಾಗೆ ಸಿಗ್ನಲ್ ಬಂದು ಹೋಗುತ್ತದೆ ಎಂದರು. ನಾವು ಹೊರಟೆವು. ಜನ ಆ ದಾರಿಯಲ್ಲಿ ಬೆಟ್ಟಸಾಲು ನೋಡಲು, ಶಾಂತಿ ಫಾಲ್ಸ್ ನೋಡಲು ಹೋಗುತ್ತಾರೆ. ನಾವು ಮೊಬೈಲಿನ ಮೂಲೆಯ ಕಡ್ಡಿ ನೋಡುತ್ತ ನಡೆದೆವು. ದಾರಿಯ ತೇವದಲ್ಲಿ ಇಂಬಳಗಳು ಇನ್ನೂ ಇದ್ದವು. ಷಡ್ಡಕ ತನ್ನ ಎಲೆಅಡಿಕೆ ಚೀಲದ ಸುಣ್ಣ ತೆಗೆದು ಎಲ್ಲರ ಕಾಲಿಗೂ ಹಚ್ಚಿದ. ನನಗೆ ಹಚ್ಚುವ ಹೊತ್ತಿಗೆ ಸುಣ್ಣ ಖಾಲಿ. 'ಮಾಲೀಕರಿಗೆ ರಕ್ತ ಜಾಸ್ತಿ ಇರ್ತದೆ ಬಿಡಣ್ಣ' ಎಂದ.

ಬಂಡೆ ಸಿಕ್ಕಿತು. ಒಂದು ಕಡ್ಡಿ ಬಂತು. ವಿಡಿಯೊಗೆ ಅದು ಸಾಲದು, ಮಾತಿಗೆ ಸಾಕು. ಆಗ ಹೊಳೆದ ಉಪಾಯವೇ ನನ್ನ ಅಧಃಪತನಕ್ಕೆ ಕಾರಣ. ಮನೆಗೆ ಫೋನ್ ಮಾಡಿ, ಹೆಂಡತಿಗೆ ಟೀವಿ ಹಾಕಲು ಹೇಳಿ, ಹರಾಜಿನ ವರದಿ ತರಿಸಿಕೊಳ್ಳುವುದು. ಯಾರು ನನ್ನನ್ನು ಹರಾಜಿನಿಂದಾಗಿ ಮನೆಯಿಂದ ಹೊರಗಟ್ಟಿದ್ದರೋ ಅವರನ್ನೇ ಹರಾಜು ನೋಡಲು ಕೂರಿಸುವುದು. ಆಕೆ ಒಪ್ಪಿದಳು. ಒಪ್ಪಿದ ದನಿಯಲ್ಲೇ ಮುಂದೆ ಏನು ಕಾದಿದೆ ಎಂದು ನಾನು ತಿಳಿಯಬೇಕಿತ್ತು.

'ಏನಾಯ್ತು ಹೇಳೇ?'

'ಒಬ್ಬ ಗಡ್ಡದವನಿಗೆ ಇಪ್ಪತ್ತೇಳು ಕೋಟಿ ಅಂತೆ ಕಣ್ರೀ.'

'ಯಾರಿಗೆ? ಎಲ್ಲರಿಗೂ ಗಡ್ಡ ಇದೆ. ಹೆಸರು ಓದು.'

'ಹೋಯ್ತು, ಈಗ ಇನ್ನೊಬ್ಬ ಗಡ್ಡದವನು ಬಂದ.'

ಅದು ರಿಷಭ್ ಪಂತ್, ಕೊಂಡದ್ದು ಲಕ್ನೋ. ಅಷ್ಟು ಹೊತ್ತಿಗಾಗಲೇ ಶ್ರೇಯಸ್ ಅಯ್ಯರ್‌ಗೆ ಪಂಜಾಬ್ 26.75 ಕೋಟಿ ಕೊಟ್ಟಾಗಿತ್ತು. ನಮ್ಮ ಹಳೆಯ ಚಹಲ್ 18 ಕೋಟಿಗೆ ಪಂಜಾಬಿಗೆ, ಏಳು ವರ್ಷ ನಮ್ಮಲ್ಲಿದ್ದ ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದರು. ಹಳೆಯ ಆಟಗಾರನನ್ನು ವಾಪಸ್ ಪಡೆಯುವ ಕಾರ್ಡುಗಳು ನಮ್ಮವರ ಕೈಯಲ್ಲಿದ್ದರೂ ಸಿರಾಜನಿಗೆ ಎತ್ತಲಿಲ್ಲ. ಇದೆಲ್ಲ ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆ ಬಂಡೆಯಿಂದ ಕೆಳಗೆ ಕಣಿವೆ ಬಹಳ ಆಳವಾಗಿತ್ತು.

ಐದು ಗಂಟೆಯ ಸುಮಾರಿಗೆ ಮಂಜು ಏರತೊಡಗಿತು. ಕಡ್ಡಿ ಬರುತ್ತ ಹೋಗುತ್ತ ಇತ್ತು. ಆಗ ಬಂದ ಕರೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. 'ರೀ, ನಿಮ್ಮವರು ತಗೊಂಡ್ರು ಕಣ್ರೀ...' ಗೊರಗೊರ. '...ಲಿವಿಂಗ್...' ಗೊರಗೊರ. '...ರಾಹುಲ್ಲು...' ಬಹಳ ಹೊತ್ತು ಗೊರಗೊರ. '...ಹದ್ನಾಕು ಕೋಟಿ!' ಕಟ್.

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ಕಣ್ಣು ಮುಚ್ಚಿ ಎರಡು ನಿಮಿಷ ಧ್ಯಾನಿಸಿ, 'ಅದು ಲೀವಿಂಗ್. ಲಕ್ನೋ ಬಿಟ್ಟು ಬರ್ತಿದ್ದಾನೆ ಅಂತ ಟೀವಿಯವರು ಹಾಕಿರ್ತಾರೆ. ರಾಹುಲ್ ಲೀವಿಂಗ್ ಲಕ್ನೋ. ವ್ಯಾಕರಣ ಸರಿಯಾಗಿದೆ' ಎಂದು ತೀರ್ಪಿತ್ತರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರ ಮಾತು. ಯಾರು ಅನುಮಾನಿಸುತ್ತಾರೆ?

ನಾನು ಆ ಬಂಡೆಯ ಮೇಲೆ ಕುಣಿದೆ. ಕಾಲಿಗೆ ಅಂಟಿದ್ದ ಇಂಬಳವೂ ಕುಣಿಯಿತು. ರಾಹುಲ್ ನಮ್ಮವನಾಗುತ್ತಾನೆ ಎಂದು ಷಡ್ಡಕನೊಂದಿಗೆ ನನ್ನ ಬಾಜಿ ಇತ್ತು. ಬಂದರೆ ಈ ಪ್ರವಾಸದ ಪೂರ್ತಿ ಖರ್ಚು ಅವನದು, ಬರದಿದ್ದರೆ ಬರುವ ಐಪಿಎಲ್ ಮುಗಿಯುವವರೆಗೆ ಅವನ ಮನೆಯ ಡಿಶ್ ರೀಚಾರ್ಜ್ ನನ್ನದು. ಷಡ್ಡಕ ಗಂಭೀರವಾಗಿ ಕೈಕುಲುಕಿ, ರೂಮಿನ ಬಾಡಿಗೆ ತಾನೇ ಕೊಟ್ಟ. ವಾಪಸ್ ಬಂದಾಗ ಕ್ಯಾಂಟೀನಿನ ಹತ್ತಿರ ಕಾಲೇಜು ಹುಡುಗರ ಬಸ್ಸೊಂದು ನಿಂತಿತ್ತು. ಅರ್ಧಕ್ಕರ್ಧ ಹುಡುಗರು ಕೆಂಪು ಜೆರ್ಸಿಯವರು. ಸಿಗ್ನಲ್ ಇಲ್ಲದೆ ಅವರೂ ಒಣಗಿಹೋಗಿದ್ದರು. ನಾನು ಮೆಟ್ಟಿಲ ಮೇಲೆ ನಿಂತು, 'ಮಕ್ಕಳೇ, ರಾಹುಲ್ ನಮ್ಮವನಾದ! ಹದಿನಾಲ್ಕು ಕೋಟಿ!' ಎಂದು ಘೋಷಿಸಿದೆ.

ಆ ಕಿರುಚಾಟಕ್ಕೆ ಎದುರಿನ ಬೆಟ್ಟವೂ 'ಈ ಸಲ ಕಪ್ ನಮ್ದೆ' ಎಂದು ತಿರುಗಿ ಹೇಳಿತು. ಷಡ್ಡಕನ ಲೆಕ್ಕದಲ್ಲಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಒಬ್ಬ ಹುಡುಗ, 'ನಿಮಗೆ ಮೊದಲೇ ಹೇಗೆ ಗೊತ್ತಾಯ್ತು ಸರ್?' ಎಂದ. ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಮೊದಲ ಹೆಸರು ರಾಹುಲ್. ಹುಡುಗರು ನನ್ನೊಂದಿಗೆ ಫೋಟೋ ತೆಗೆಸಿಕೊಂಡರು. ಒಬ್ಬಳು ಹುಡುಗಿ ಹಸ್ತಾಕ್ಷರ ಕೇಳಿದಳು. ಹಾಕಿದೆ, ದಿನಾಂಕ ಸಮೇತ. ಲೆಕ್ಕಪತ್ರದವನ ಅಭ್ಯಾಸ.

ರಾತ್ರಿ ರೂಮಿನಲ್ಲಿ ನಮ್ಮದೇ ಹರಾಜು. 83ರಲ್ಲಿ 14 ಹೋಗಿ 69 ಕೋಟಿ ಉಳಿದಿದೆಯಲ್ಲ, ಅದಕ್ಕೆ ಯಾರನ್ನು ಕೊಳ್ಳುವುದು? ಮೇಷ್ಟ್ರು ಮಲ್ಲಿಕಾ ಸಾಗರ್ ಸ್ಥಾನದಲ್ಲಿ ಕೂತು ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟಿ, 'ಒಂದು ಸಾರಿ... ಎರಡು ಸಾರಿ...' ಎನ್ನುತ್ತಿದ್ದರು. ಸಾಹುಕಾರ ಬಾಯಲ್ಲಿ ಕೂಗಲು ಒಪ್ಪಲಿಲ್ಲ. ಅಡಿಕೆ ಟೆಂಡರಿನ ಹಾಗೆ ಚೀಟಿಯಲ್ಲಿ ರೇಟು ಬರೆದು ಮಡಿಚಿ ಹಾಕಬೇಕು ಎಂದು ಹಟ. ಷಡ್ಡಕ ಅದಕ್ಕೂ ಒಪ್ಪದೆ, ದನದ ವ್ಯಾಪಾರದಂತೆ ಟವೆಲಿನ ಕೆಳಗೆ ನನ್ನ ಬೆರಳು ಹಿಡಿದು ಬೆಲೆ ಹೇಳತೊಡಗಿದ. ಎರಡು ಬೆರಳು ಹಿಚುಕಿದರೆ ಎರಡು ಸಾವಿರವೋ, ಎರಡು ಕೋಟಿಯೋ ಎಂಬ ಬಗ್ಗೆ ಜಗಳವಾಯಿತು. ಭುವನೇಶ್ವರ್ ಕುಮಾರ್ ಹೆಸರು ಬಂದಾಗ, 'ಮೂವತ್ನಾಕು ವರ್ಷ ಆಯ್ತಲ್ಲಣ್ಣ, ಬಾಯ್ಗೂಡಿದೆ. ಉಳುಮೆಗೂ ಬರಲ್ಲ, ಗಾಡಿಗೂ ಬರಲ್ಲ' ಎಂದು ಷಡ್ಡಕ ತಳ್ಳಿಹಾಕಿದ. ನಾನು ಷರಾ ಬರೆದೆ: ಬೇಡ. ಕೃನಾಲ್ ಪಾಂಡ್ಯ? ಮುಂಬೈಯಲ್ಲಿ ಆಡಿ ನಮ್ಮನ್ನು ಗೋಳುಹೊಯ್ದುಕೊಂಡವನು, ಹಾರ್ದಿಕನ ಅಣ್ಣ ಬೇರೆ. ದೊಡ್ಡ ಅಕ್ಷರದಲ್ಲಿ ಬರೆದೆ: ಬೇಡವೇ ಬೇಡ. ಜಿತೇಶ್ ಶರ್ಮ? ಮೇಷ್ಟ್ರು ಲೋಟ ಕುಟ್ಟಲೂ ಇಲ್ಲ. ನಡುರಾತ್ರಿಯ ಹೊತ್ತಿಗೆ ನಮ್ಮ ತಂಡ ಸಿದ್ಧವಾಯಿತು. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಕನ್ನಡಿಗರು. ಒಬ್ಬ ಕೊಹ್ಲಿ. ಇನ್ನೊಂದು ಜಾಗಕ್ಕೆ ಯಾರೂ ತೋಚದೆ ಖಾಲಿ ಬಿಟ್ಟೆವು. ಆ ಚಳಿಯಲ್ಲಿ ಅಂಥ ತೃಪ್ತಿಯ ನಿದ್ದೆ ನನಗೆ ಮದುವೆಯಾದ ಮೇಲೆ ಬಂದಿರಲಿಲ್ಲ.

ಸೋಮವಾರ ಬೆಳಗ್ಗೆ ಇಳಿದೆವು. ಕಲ್ಲತ್ತಿಗಿರಿಯ ತಿರುವು ದಾಟಿದ್ದೇ ನಾಲ್ಕು ಮೊಬೈಲೂ ಒಟ್ಟಿಗೆ ಬಾಯಿ ಬಿಟ್ಟವು. ಸಾಹುಕಾರ ಕಾರು ನಿಲ್ಲಿಸಿದ. ಯಾರೂ ಮಾತಾಡಲಿಲ್ಲ. ಎಲ್ಲರೂ ಓದಿದೆವು. ಆರ್‌ಸಿಬಿ 8.75 ಕೋಟಿ ಕೊಟ್ಟು ಕೊಂಡದ್ದು ಇಂಗ್ಲೆಂಡಿನ ಲಿಯಮ್ ಲಿವಿಂಗ್‌ಸ್ಟನ್‌ನನ್ನು. ಅವನ ಬೆನ್ನಿಗೇ ಸುತ್ತಿಗೆಯ ಕೆಳಗೆ ಬಂದವನು ರಾಹುಲ್. ನಮ್ಮವರು ಸ್ವಲ್ಪ ದೂರ ಕೂಗಿ ಕೈಬಿಟ್ಟರು. 14 ಕೋಟಿಗೆ ಅವನನ್ನು ಕೊಂಡದ್ದು ದೆಹಲಿ. ಆಕೆಯ ವರದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಗೊರಗೊರದ ಜಾಗವನ್ನು ನಾವು ತುಂಬಿಕೊಂಡಿದ್ದೆವು.

'ಲಿವಿಂಗ್... ಸ್ಟನ್' ಎಂದರು ಮೇಷ್ಟ್ರು, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ.

ಷಡ್ಡಕ ಏನೂ ಅನ್ನಲಿಲ್ಲ. ರೂಮಿನ ಬಾಡಿಗೆ, ಮಂಡಕ್ಕಿ, ಬಜ್ಜಿ, ಒಂದು ಬಸ್ಸಿನಷ್ಟು ಚಹಾ, ಎಲ್ಲದರ ಚೀಟಿಗಳನ್ನು ಜೇಬಿನಿಂದ ತೆಗೆದು ನನ್ನ ನೋಟ್‌ಬುಕ್ಕಿನ ಮೇಲಿಟ್ಟ. ನಾನು ಹಣ ಎಣಿಸುತ್ತಿರುವಾಗ ಹಿಂದಿನಿಂದ ಒಂದು ಬಸ್ಸು ಬಂತು. ಅದೇ ಬಸ್ಸು. ಅವರಿಗೂ ಅದೇ ತಿರುವಿನಲ್ಲಿ ಸಿಗ್ನಲ್ ಸಿಕ್ಕಿತ್ತು. ಕಿಟಕಿಗಳಿಂದ ಕೇಳಿಬಂದ ಮಾತುಗಳನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ಬರೆಯಲಾಗದು. ಕೇಳಿಸಿದ್ದರಲ್ಲಿ ಅತ್ಯಂತ ಸೌಮ್ಯವಾದದ್ದು, 'ಅಂಕಲ್, ಸೈನ್ ವಾಪಸ್ ತಗೊಳ್ಳಿ!'

ಉಳಿದ ಖರೀದಿ ಓದಿದಾಗ ನನ್ನ ನೋವು ರೋಷವಾಯಿತು. ಫಿಲ್ ಸಾಲ್ಟ್ 11.50, ಹೇಜಲ್‌ವುಡ್ 12.50. ಇರಲಿ. ಜಿತೇಶ್ ಶರ್ಮಗೆ 11 ಕೋಟಿ! ರಾಸಿಖ್ ದಾರ್‌ಗೆ 6 ಕೋಟಿ! ಭಾನುವಾರ ಬೆಳಗ್ಗೆ ಪರ್ತ್‌ನಲ್ಲಿ ಭಾರತಕ್ಕಾಗಿ ಆಡಿದ ಪಡಿಕ್ಕಲ್‌ನನ್ನು ಸಂಜೆ ಯಾರೂ ಕೇಳಲಿಲ್ಲ. ಮರುದಿನ ನಮ್ಮವರೇ ಮೂಲಬೆಲೆ 2 ಕೋಟಿಗೆ ಕೊಂಡರು, ಅಷ್ಟು ಪುಣ್ಯ. ಎರಡನೇ ದಿನ ನಾನು ಮನೆಯಲ್ಲೇ, ರಿಮೋಟಿನಿಂದ ಆರಡಿ ದೂರದಲ್ಲಿ ಕೂರಿಸಲ್ಪಟ್ಟು ನೋಡಿದೆ. ಭುವನೇಶ್ವರ್‌ಗೆ 10.75 ಕೋಟಿ. ಕೃನಾಲ್ ಪಾಂಡ್ಯಗೆ 5.75. ಕನ್ನಡಿಗರೆಂದು ಬಂದವರು ಪಡಿಕ್ಕಲ್ ಮತ್ತು ರಾಯಚೂರಿನ ಮನೋಜ್ ಭಾಂಡಗೆ, ಇಬ್ಬರೇ. ಹದಿಮೂರು ವರ್ಷದ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ 1.10 ಕೋಟಿಗೆ ಕೊಂಡಾಗ ಅಜ್ಜಂಪುರದಿಂದ ಫೋನ್ ಬಂತು. 'ಅಣ್ಣಾ, ಆ ಕರು ಇನ್ನೂ ಹಲ್ಲು ಹಾಕಿಲ್ಲ, ದುಡ್ಡು ದಂಡ.' ಅದೊಂದೇ ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದೆವು. ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಬರೆದೆ: 'ಈ ತಂಡಕ್ಕೆ ಕಪ್ಪಲ್ಲ, ಲೋಟವೂ ಸಿಗುವುದಿಲ್ಲ. ಬೇಕಾದರೆ ಬರೆದಿಟ್ಟುಕೊಳ್ಳಿ.' ಬರೆದಿಟ್ಟುಕೊಂಡರು. ನನ್ನ ಅತ್ತೆಯವರು ಅದನ್ನು ಪಿನ್ ಮಾಡಿಟ್ಟರು. ಪಿನ್ ಮಾಡುವುದು ಅವರಿಗೆ ಬರುತ್ತದೆಂದು ಅವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ.

ಮುಂದಿನದು ನಿಮಗೆಲ್ಲ ಗೊತ್ತು. ನನಗೆ ಹೇಳಲು ಇಷ್ಟವಿಲ್ಲ, ಆದರೂ ಹೇಳದೆ ಲೆಕ್ಕ ಮುಗಿಯುವುದಿಲ್ಲ. ಏಪ್ರಿಲ್ 10ರಂದು ದೆಹಲಿಯ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದ ರಾಹುಲ್ 93 ಹೊಡೆದು ನಮ್ಮನ್ನೇ ಸೋಲಿಸಿ, 'ಕಾಂತಾರ'ದ ಹಾಗೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಎಂದು ಊರಿ ನಿಂತ. ಆ ರಾತ್ರಿ ನಾನು ಮನೆಯಲ್ಲಿ ಎದ್ದು ನಿಂತು, 'ನೋಡಿದ್ರಾ? ಹೇಳಿರಲಿಲ್ವಾ?' ಎಂದು ಕೂಗಿದೆ. ನನ್ನ ತಂಡ ಸೋತ ದಿನ ನಾನೊಬ್ಬನೇ ಗೆದ್ದಿದ್ದೆ. ಆ ಗೆಲುವು ಹೆಚ್ಚು ದಿನ ಬಾಳಲಿಲ್ಲ. ಆ ತಿಂಗಳ ಕೊನೆಗೆ 'ಬೇಡವೇ ಬೇಡ' ಎಂದಿದ್ದ ಕೃನಾಲ್ ದೆಹಲಿಯಲ್ಲೇ ಔಟಾಗದೆ 73 ಹೊಡೆದು ಅದೇ ರಾಹುಲನ ತಂಡವನ್ನು ಸೋಲಿಸಿದ. ಮರುದಿನವೇ ಹಲ್ಲು ಹಾಕದ ಆ ಹುಡುಗ 35 ಎಸೆತದಲ್ಲಿ ನೂರು ಬಾರಿಸಿದ. ಷಡ್ಡಕ ಅದರ ನಂತರ ಎರಡು ವಾರ ದನಗಳ ಬಗ್ಗೆಯೂ ಅಭಿಪ್ರಾಯ ಹೇಳಲಿಲ್ಲ. ಲೋಟ ಕುಟ್ಟಲೂ ಯೋಗ್ಯನಲ್ಲ ಎನಿಸಿದ್ದ ಜಿತೇಶ್, ಲಕ್ನೋದಲ್ಲಿ 228ರ ಗುರಿ ಬೆನ್ನಟ್ಟುವಾಗ 33 ಎಸೆತಕ್ಕೆ 85 ಹೊಡೆದು ತಂಡವನ್ನು ಮೊದಲೆರಡು ಸ್ಥಾನದೊಳಗೆ ದಾಟಿಸಿದ. ಹೇಜಲ್‌ವುಡ್ 22 ವಿಕೆಟ್ ತೆಗೆದ.

ಜೂನ್ 3ರ ಫೈನಲ್ಲಿಗೆ ನನ್ನ ಮನೆಯಲ್ಲೇ ಎಲ್ಲರೂ ಸೇರಿದ್ದರು. ಆರ್‌ಸಿಬಿ 190. ಪಂಜಾಬಿನ 26.75 ಕೋಟಿಯ ಶ್ರೇಯಸ್ ಅಯ್ಯರ್‌ನನ್ನು ನಮ್ಮ ಒಂದೂವರೆ ಕೋಟಿಯ ರೊಮಾರಿಯೊ ಶೆಫರ್ಡ್ ಒಂದೇ ರನ್ನಿಗೆ ಔಟ್ ಮಾಡಿದ. ಬಾಯ್ಗೂಡಿದ ಭುವನೇಶ್ವರ್ ಎರಡು ವಿಕೆಟ್ ಕಿತ್ತ. ಕೃನಾಲ್ ನಾಲ್ಕು ಓವರಿಗೆ ಕೊಟ್ಟದ್ದು 17 ರನ್, ತೆಗೆದದ್ದು ಎರಡು ವಿಕೆಟ್, ಪಂದ್ಯಶ್ರೇಷ್ಠನೂ ಅವನೇ. ಆರು ರನ್ನಿನಿಂದ ಗೆದ್ದೆವು. ಹದಿನೆಂಟು ವರ್ಷಕ್ಕೆ ಕಪ್ ಬಂತು. ನಾನು ಅತ್ತೆ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಅತ್ತೆಯವರು ಮೊಬೈಲು ತೆಗೆದು, ಪಿನ್ ಮಾಡಿಟ್ಟದ್ದನ್ನು ಮೂರು ಕೋಣೆಗೂ ಕೇಳುವಂತೆ ಓದಿದರು. ಹೆಂಡತಿ ಒಳಗಿಂದ ಒಂದು ಲೋಟ ತಂದು ನನ್ನ ಮುಂದಿಟ್ಟು, 'ಕಪ್ಪು ಅವರಿಗಾಯ್ತು, ಇದು ನಿಮಗೆ' ಎಂದಳು. ಒಳಗೆ ಕಾಫಿ ಇತ್ತು. ಅಷ್ಟರಮಟ್ಟಿಗೆ ಆಕೆ ದಯಾಮಯಿ.

ಅಂದಿನಿಂದ ಒಂದು ಸಂಪ್ರದಾಯ ಬೆಳೆದಿದೆ. ಹರಾಜು ಹತ್ತಿರ ಬಂದರೆ ನೆಂಟರಿಷ್ಟರು ನನಗೆ ಫೋನ್ ಮಾಡಿ, ಯಾರನ್ನು ಕೊಳ್ಳಬಾರದು ಎಂದು ಕೇಳುತ್ತಾರೆ. ನಾನು ಹೇಳಿದವನ ಮೇಲೆ ಬಾಜಿ ಕಟ್ಟುತ್ತಾರೆ. ಷಡ್ಡಕನ ಡಿಶ್ಶಿಗೆ ನಾನು ರೀಚಾರ್ಜ್ ಮಾಡಿಸಿದ ರಸೀದಿಗಳೆಲ್ಲ ಆ ನೋಟ್‌ಬುಕ್ಕಿನಲ್ಲೇ ಇವೆ.

ಆದರೆ ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಮಾತ್ರ ಯಾರೂ ನೋಡುವುದಿಲ್ಲ. ಮೂರನೆಯ ಹೆಸರು: ಪ್ರಸಿದ್ಧ್ ಕೃಷ್ಣ, 9 ಕೋಟಿ. ಗುಜರಾತ್ ಅವನನ್ನು ಕೊಂಡದ್ದು 9.50ಕ್ಕೆ. ಆ ಸೀಸನ್ನಿನಲ್ಲಿ ಅವನು 25 ವಿಕೆಟ್ ತೆಗೆದು ಎಲ್ಲರಿಗಿಂತ ಮೇಲೆ ನಿಂತು ಪರ್ಪಲ್ ಕ್ಯಾಪ್ ತೊಟ್ಟ. ಓದುಗರಲ್ಲಿ ಯಾರಾದರೂ ಅಜ್ಜಂಪುರದ ಕಡೆ ಹೋದರೆ, ದನದ ಹರಾಜಿನ ಬೇಲಿಯ ಹತ್ತಿರ ಹಲ್ಲು ನೋಡುತ್ತ ನಿಂತಿರುವ ನನ್ನ ಷಡ್ಡಕನಿಗೆ ಇದನ್ನು ದಯವಿಟ್ಟು ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.